ಒಳಗಿನಿಂದ ತೆರೆಯದ ಬಾಗಿಲು

ವಡೋದರಾದ ನಮ್ಮ ಮನೆಯ ಹಿತ್ತಲಲ್ಲಿ ಇಪ್ಪತ್ತು ಅಡಿ ಉದ್ದದ ಒಂದು ಕಂಟೇನರ್ ಇದೆ. ಹಡಗುಗಳ ಮೇಲೆ ಸರಕು ಹೊತ್ತು ತಿರುಗಿ, ವಯಸ್ಸಾಗಿ, ಅಹ್ಮದಾಬಾದಿನ ಹೊರವಲಯದ ಒಂದು ಯಾರ್ಡಿನಲ್ಲಿ ನಿಂತಿದ್ದ ಪೆಟ್ಟಿಗೆ ಅದು. 2024ರ ಫೆಬ್ರುವರಿಯಲ್ಲಿ ಅದನ್ನು ತರಿಸಿ ಅವ್ವನಿಗೆ ಕೋಣೆ ಮಾಡಿಸಿದೆ. ಓಣಿಯವರು ಕೇಳಿದಾಗ, ಆಫೀಸಿನವರು ಕೇಳಿದಾಗ, ಊರಿನಿಂದ ಅಕ್ಕ ಫೋನ್ ಮಾಡಿದಾಗ, ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: ಅವ್ವನಿಗಾಗಿ. ಆ ಉತ್ತರ ಸುಳ್ಳಾಗಿತ್ತು. ಸುಳ್ಳು ಎಂದು ನನಗೆ ಆಗಲೇ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ ಎಂಬುದನ್ನು ಬಿಡಿಸಿ ನೋಡಲು ಈ ಬರಹ.

ನಮ್ಮದು ನವಲಗುಂದದ ಕಡೆಯ ಒಕ್ಕಲುತನದ ಮನೆ. ನಾನು ಎಂಜಿನಿಯರಿಂಗ್ ಓದಿ ಗುಜರಾತಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮಕರಪುರಾ ಜಿಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಮಾಂಜಲಪುರದ ಕಡೆ ಒಂದು ಟೆನಮೆಂಟ್. ಟೆನಮೆಂಟ್ ಅಂದರೆ ಇಲ್ಲಿ ಸಾಲುಮನೆ: ಮುಂದೆ ಓಟಲೋ ಅನ್ನುವ ಕಟ್ಟೆ, ಅದರ ಮೇಲೊಂದು ತೂಗುಮಣೆ, ಹಿಂದೆ ವಾಡೋ ಅಂದರೆ ಹಿತ್ತಲು. ನಮ್ಮದು ಮೂಲೆಯ ಮನೆಯಾದ್ದರಿಂದ ಹಿತ್ತಲು ಸ್ವಲ್ಪ ದೊಡ್ಡದು, ಅಲ್ಲೊಂದು ಬೇವಿನ ಮರ. ಅಪ್ಪ 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಎಪ್ಪತ್ತೆರಡರ ಅವ್ವ ನಮ್ಮೊಂದಿಗೆ ಇರಲು ಬಂದಳು. ಮನೆಯಲ್ಲಿ ಎರಡೇ ಕೋಣೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಹನ್ನೆರಡನೆಯ ತರಗತಿಯ ಮಗಳು. ಅವ್ವ ಹಾಲಿನಲ್ಲಿ ಮಲಗುತ್ತಿದ್ದಳು.

ಜಾಗ ಸಾಲದು ಎನ್ನುವುದು ನಿಜವೇ. ಆದರೆ ಜಾಗ ಸಾಲದ ಮನೆಗಳಲ್ಲೇ ನಾನು ಬೆಳೆದವನು. ಅವ್ವ ನಾಲ್ಕೂವರೆಗೆ ಏಳುತ್ತಾಳೆ, ಕೆಮ್ಮುತ್ತಾಳೆ, ಮಗಳ ಓದು ಕೆಡುತ್ತದೆ, ಹೆಂಡತಿಗೆ ಮುಜುಗರವಾಗುತ್ತದೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಹೆಂಡತಿ ಒಂದು ದಿನವೂ ಹಾಗೆ ಹೇಳಿದವಳಲ್ಲ. ಅವಳ ಹೆಸರನ್ನು ನನ್ನ ಮನಸ್ಸಿನೊಳಗೆ ನಾನು ಬಳಸಿಕೊಂಡೆ.

ನಿಜವಾದ ಕಾರಣ ಸಂಜೆ ಏಳರ ಹೊತ್ತಿನದು. ನಾನು ಫ್ಯಾಕ್ಟರಿಯಿಂದ ಬಂದು ಕೈಕಾಲು ತೊಳೆದು ಕೂತರೆ ಅವ್ವ ಎದುರಿಗೆ ಬಂದು ಕೂರುತ್ತಿದ್ದಳು. ಸುಮ್ಮನೆ ಎರಡು ಮಾತಾಡಿ, ಆಮೇಲೆ "ಅವತ್ತ ರಾತ್ರಿ ನಿಮ್ಮಪ್ಪಗ..." ಎಂದು ಶುರು ಮಾಡುತ್ತಿದ್ದಳು. ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ನಾನು ಹೋಗಿರಲಿಲ್ಲ. ಪ್ಲಾಂಟ್ ಶಟ್‌ಡೌನ್ ನಡೆದಿತ್ತು, ನಾಳೆ ಹೊರಡುತ್ತೇನೆ ಎಂದು ಆರು ಸಲ ಹೇಳಿದ್ದೆ. ಹೋದದ್ದು ಮಣ್ಣು ಕೊಡಲು. ಅವ್ವ ಆ ಮಾತು ತೆಗೆದಾಗೆಲ್ಲ ನಾನು ಫೋನು ಹಿಡಿದು ಎದ್ದು ಹೋಗುತ್ತಿದ್ದೆ. ಅವಳು ನನ್ನನ್ನು ದೂರಲು ಬರುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಒಂದು ಸಲವೂ ಅವಳ ವಾಕ್ಯ ಮುಗಿಯಲು ಬಿಟ್ಟಿರಲಿಲ್ಲ.

ಆ ವಾಕ್ಯ ಕೇಳಬಾರದೆಂದು ಎರಡೂಕಾಲು ಟನ್ ಉಕ್ಕು ಕೊಂಡು ತಂದೆ.

ಕೊಳ್ಳುವುದರಲ್ಲಿ ನಾನು ತೋರಿದ ಶ್ರದ್ಧೆ ನೆನೆದರೆ ಈಗ ಸಂಕಟವಾಗುತ್ತದೆ. ಗುಜರಾತಿನಲ್ಲಿ ಹಳೆಯ ಕಂಟೇನರಿಗೆ ಬರವಿಲ್ಲ. ಮುಂದ್ರಾ, ಪಿಪಾವಾವ್, ಹಜೀರಾ ಬಂದರುಗಳಿಗೆ ಬಂದದ್ದು ಒಳನಾಡಿನ ಡಿಪೋಗಳಿಗೆ ಬರುತ್ತದೆ. ಅಹ್ಮದಾಬಾದಿನಲ್ಲಿ ಖೋಡಿಯಾರ್, ನಮ್ಮ ವಡೋದರಾದ ಬಳಿ ವರ್ಣಾಮಾ. ಹಡಗಿನ ಕೆಲಸಕ್ಕೆ ಒಂದು ಪೆಟ್ಟಿಗೆ ಹತ್ತು ಹದಿನೈದು ವರ್ಷ ಬಾಳುತ್ತದೆ, ಆಮೇಲೆ ಮಾರಾಟಕ್ಕೆ ಬರುತ್ತದೆ. ಮೂರು ಭಾನುವಾರ ಯಾರ್ಡುಗಳನ್ನು ತಿರುಗಿದೆ. ಸೂರತ್ತಿನ ಹೊರಗಿನ ಒಂದು ಕಡೆ ಇಪ್ಪತ್ತು ಸಾವಿರ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಕಾಗದ ಸರಿಯಿರಲಿಲ್ಲ. ಹೊರದೇಶದ ಕಂಟೇನರ್ ಸುಂಕವಿಲ್ಲದೆ ಒಳಬರುವುದು ಆರು ತಿಂಗಳೊಳಗೆ ತಿರುಗಿ ಹೋಗುವ ಕರಾರಿನ ಮೇಲೆ. ಇಲ್ಲೇ ಮಾರಬೇಕಾದರೆ ಕಸ್ಟಮ್ಸ್ ಸುಂಕ ಕಟ್ಟಿರಬೇಕು, ಅದರ ದಾಖಲೆ ಕೊಳ್ಳುವವನ ಕೈಗೆ ಬರಬೇಕು. ಅದನ್ನು ಕೇಳಿದೆ, ಇಲ್ಲವೆಂದಾಗ ಎದ್ದು ಬಂದೆ.

ಅಹ್ಮದಾಬಾದಿನ ಯಾರ್ಡಿನಲ್ಲಿ ಕೊನೆಗೆ ಒಂದು ಒಪ್ಪಿಗೆಯಾಯಿತು. ಬಾಗಿಲ ಮೇಲಿನ ನಂಬರು ಬರೆದುಕೊಂಡೆ. ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂದು ತಾಳೆಯಂಕಿ. ಹಿಂದಿನ ಹತ್ತನ್ನು ಒಂದು ಸೂತ್ರದಂತೆ ಲೆಕ್ಕ ಹಾಕಿದರೆ ಆ ಕೊನೆಯ ಅಂಕಿ ಬರಬೇಕು. ಅಲ್ಲೇ ನಿಂತು ಲೆಕ್ಕ ಮಾಡಿದೆ, ಸರಿಬಂತು. ಬಾಗಿಲಿಗೆ ಬಡಿದ ತಗಡಿನ ಫಲಕದಲ್ಲಿ ತಯಾರಾದ ತಿಂಗಳು, ತಡೆಯಬಲ್ಲ ಭಾರ, ನೆಲದ ಹಲಗೆಗೆ ಯಾವ ಕೀಟನಾಶಕ ಹಾಕಿದ್ದಾರೆ ಎನ್ನುವುದೂ ಇತ್ತು. ಆಮೇಲೆ ಒಳಗೆ ಹೋಗಿ ಬಾಗಿಲು ಮುಚ್ಚಿಸಿಕೊಂಡೆ. ಇದು ಎಲ್ಲರೂ ಮಾಡುವ ಪರೀಕ್ಷೆ. ಕತ್ತಲಲ್ಲಿ ನಿಂತು ಸೂಜಿಮೊನೆಯಷ್ಟಾದರೂ ಬೆಳಕು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಬೆಳಕು ಬಂದಲ್ಲಿ ನೀರೂ ಬರುತ್ತದೆ. ಎಲ್ಲೂ ಬೆಳಕಿರಲಿಲ್ಲ. ಬಹಳ ಸಂತೋಷವಾಯಿತು. ತೆರೆಯಿರಿ ಎಂದು ಒಳಗಿನಿಂದ ಬಡಿದೆ. ಹೊರಗಿನ ಹುಡುಗ ತೆರೆಯಲು ಒಂದರ್ಧ ನಿಮಿಷ ತಡಮಾಡಿದ. ಆ ಅರ್ಧ ನಿಮಿಷದಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಇವತ್ತಿಗೂ ನೆನಪಿದೆ.

ಕಂಟೇನರಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ನಾಲ್ಕು ಉದ್ದನೆಯ ಸರಳು, ಅವುಗಳ ಹಿಡಿ, ಸೀಲು, ಎಲ್ಲವೂ ಹೊರಗೆ. ಅದನ್ನು ಮಾಡಿದ್ದೇ ಹಾಗೆ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ ಐಡಿಯಲ್ ಎಕ್ಸ್ ಎಂಬ ಹಡಗಿನ ಮೇಲೆ 58 ಪೆಟ್ಟಿಗೆಗಳನ್ನು ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಅದರ ಹಿಂದಿನ ಯೋಚನೆ ಇಷ್ಟೇ: ತುಂಬಿದ ಕಡೆ ಮುಚ್ಚಿದ್ದನ್ನು ಮುಟ್ಟಬೇಕಾದ ಕಡೆಯವರೆಗೆ ಯಾರೂ ಬಿಚ್ಚಬಾರದು. ಅಲ್ಲಿಂದಾಚೆಗೆ ಜಗತ್ತಿನ ವ್ಯಾಪಾರವೇ ಈ ಒಂದು ಏರ್ಪಾಡಿನ ಮೇಲೆ ನಿಂತಿತು. ಒಳಗಿರುವುದು ಸರಕು. ಸರಕಿಗೆ ಹೊರಬರುವ ಮನಸ್ಸಾಗುವುದಿಲ್ಲ.

1.30 ಲಕ್ಷ ಕೊಟ್ಟೆ. ಪೆಟ್ಟಿಗೆಯ ಕಾಗದವನ್ನು ಮೂರು ಸಲ ಓದಿದ ನಾನು, ಅವ್ವನನ್ನು ಒಂದು ಸಲವೂ ಕೇಳಿರಲಿಲ್ಲ.

ಟ್ರೇಲರ್ ಬಂದದ್ದು ರಾತ್ರಿ. ಬೆಳಗ್ಗೆ ಹೈಡ್ರಾ ಕ್ರೇನ್ ತರಿಸಿ ಪಕ್ಕದ ರಸ್ತೆಯಿಂದ ಕಾಂಪೌಂಡಿನ ಮೇಲಿಂದ ಎತ್ತಿ ಇಳಿಸಿದರು. ಬೇವಿನ ಒಂದು ದೊಡ್ಡ ಕೊಂಬೆ ಕಡಿಯಬೇಕಾಯಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಯಾಕಪಾ, ಮನಿಯಾಗ ಜಾಗಾ ಸಾಲವಲ್ದೇನು?" ಎಂದಳು. ನಿನಗೆ ಆರಾಮ ಆಗಲಿ ಅಂತ ಅಂದೆ. ಅವಳು ಪೆಟ್ಟಿಗೆ ಕುಳಿತ ನೆಲವನ್ನು ನೋಡಿ, "ಇದು ಎರಿ ಮಣ್ಣ ಐತಲ್ಲೋ" ಎಂದಳು.

ನಿಜ, ವಡೋದರಾದ್ದು ನಮ್ಮೂರಿನಂಥದೇ ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ನವಲಗುಂದದಲ್ಲಿ ಗೋಡೆ ಎಬ್ಬಿಸುವವರು ಮೊದಲು ಎರೆ ತೆಗೆದು ಗಟ್ಟಿ ನೆಲ ಸಿಗುವವರೆಗೆ ತೋಡುತ್ತಾರೆ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಈ ಮಣ್ಣಿಗೆಂದೇ ಬುಡ ಅಗಲವಾದ ಕಂಬದ ಅಡಿಪಾಯ ರೂಪಿಸಿದ್ದಾರೆ. ಕಾಲೇಜಿನಲ್ಲಿ ಅದನ್ನು ಓದಿ ಅಂಕ ತೆಗೆದವನು ನಾನು. ಆದರೆ ಯುಗಾದಿಯೊಳಗೆ ಮುಗಿಯಬೇಕೆಂಬ ಅವಸರ. ಎರಡಡಿ ತೋಡಿ ನಾಲ್ಕು ಮೂಲೆಗೆ ನಾಲ್ಕು ಕಾಂಕ್ರೀಟ್ ದಿಮ್ಮಿ ಹಾಕಿಸಿದ್ದೆ. ಪಕ್ಕದ ಗೋಡೆಯಲ್ಲಿ ಬಾಗಿಲು ಕತ್ತರಿಸುವಾಗ ವೆಲ್ಡಿಂಗಿನ ಮಿಸ್ತ್ರಿ, ಸಾಹೇಬ, ಈ ಏಣು-ತಗ್ಗಿನ ತಗಡೇ ಇದರ ಬಲ, ಕಡಿದರೆ ಸುತ್ತ ದಪ್ಪ ಬಾಕ್ಸ್ ಸೆಕ್ಷನ್ ಕೊಡಬೇಕು ಎಂದ. ಆತ ಹೇಳಿದ್ದು ಸರಿ. ತೆಳು ಆ್ಯಂಗಲ್ ಸಾಕು ಎಂದವನು ನಾನು. ಕಟ್ಟದೆ ಖಾಲಿ ಬಿಡಬೇಕಾದ ಮಾರ್ಜಿನ್ ಜಾಗದ ಬಗ್ಗೆ ಸೊಸೈಟಿಯವರು ಕೇಳಿದಾಗ ತಾತ್ಕಾಲಿಕ ಎಂದು ಬರೆದುಕೊಟ್ಟೆ. ಶಾಖ ತಡೆಯಲು ಎರಡು ಇಂಚಿನ ಪಫ್ ಪ್ಯಾನಲ್ ಹಾಕಿದರೆ ಮೊದಲೇ ಏಳೂಮುಕ್ಕಾಲು ಅಡಿಯಿರುವ ಅಗಲ ಇನ್ನೂ ಕಡಿಮೆಯಾಗುತ್ತದೆಂದು ಥರ್ಮೊಕೋಲ್ ಅಂಟಿಸಿ ಪ್ಲೈವುಡ್ ಹೊಡೆಸಿದೆ. ನೆಲಕ್ಕೆ ವಿನೈಲ್ ಹಾಸು. ಹೊರಗೆ ಕಡುನೀಲಿ ಬಣ್ಣ.

ಯುಗಾದಿಯ ಮರುದಿನ ಅವ್ವನ ಮಂಚ ಅಲ್ಲಿಗೆ ಹೋಯಿತು.

ಅಹ್ಮದಾಬಾದ್ ವಡೋದರಾಗಳ ಬೇಸಿಗೆ ನನಗೆ ಹೊಸದಲ್ಲ. 2010ರ ಮೇ ತಿಂಗಳಲ್ಲಿ ಅಹ್ಮದಾಬಾದ್ 46.8 ಡಿಗ್ರಿಗೆ ಹೋಗಿ, ಆ ತಿಂಗಳು ಸಾಮಾನ್ಯಕ್ಕಿಂತ 1,344 ಜನ ಹೆಚ್ಚು ಸತ್ತರೆಂದು ತಜ್ಞರು ಆಮೇಲೆ ಲೆಕ್ಕ ಹಾಕಿದರು. ಅದರ ನೋವಿನಿಂದಲೇ 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲ ಕ್ರಿಯಾಯೋಜನೆ ಮಾಡಿಕೊಂಡಿತು. ಬಡವರ ತಗಡಿನ ಸೂರಿಗೆ ಸುಣ್ಣ ಬಳಿದರೆ ಒಳಗೆ ತಂಪಾಗುತ್ತದೆ ಎಂದು ಅಲ್ಲಿ ಓಣಿ ಓಣಿಯಲ್ಲಿ ಬಳಿದರು. ಅಲ್ಲೇ ಇರುವ, ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರ ಸಂಗಾತ್ ಕಟ್ಟಡವನ್ನು ನಾನು ಎರಡು ಸಲ ನೋಡಿದ್ದೇನೆ. ಅರ್ಧ ನೆಲದೊಳಗೆ ಇಳಿಸಿ, ಕಮಾನಿನ ಸೂರಿನ ತುಂಬ ಬಿಳಿಯ ಒಡಕು ಪಿಂಗಾಣಿ ಚೂರು ಕೂರಿಸಿದ್ದಾರೆ. ಇಷ್ಟೆಲ್ಲ ಕಂಡವನು ಹಿತ್ತಲಿನ ಉಕ್ಕಿಗೆ ಕಡುನೀಲಿ ಬಳಿಸಿದೆ, ಮನೆಯ ಗೇಟಿನ ಬಣ್ಣಕ್ಕೆ ಹೊಂದಲಿ ಎಂದು.

ಊರಿನ ನಮ್ಮ ಮನೆ ಮಣ್ಣಿನ ಮಾಳಿಗೆಯದು. ತೊಲೆ, ಜಂತಿ, ಅದರ ಮೇಲೆ ಒಂದೂವರೆ ಅಡಿ ಮಣ್ಣು, ನಡುವೆ ಬೆಳಕಿಂಡಿ. ಮಧ್ಯಾಹ್ನದ ಬಿಸಿಲು ಆ ಮಣ್ಣು ದಾಟಿ ಒಳಗೆ ಇಳಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಕಂಟೇನರಿನ ತಗಡು ಎರಡು ಮಿಲಿಮೀಟರ್. ಬಿಸಿಲು ಬಿದ್ದ ಗಳಿಗೆಗೇ ಒಳಗೆ. ಐವತ್ತು ವರ್ಷ ಮಾಳಿಗೆಯ ಕೆಳಗೆ ಬಾಳಿದವಳನ್ನು ನಾನು ಅಲ್ಲಿ ಇಟ್ಟೆ. ಎಸಿ ಹಾಕಿಸಿದ್ದೆ, ಅದನ್ನು ಹೇಳಿಕೊಂಡು ನಾನು ಸಮಾಧಾನ ಪಡಬಹುದಿತ್ತು. ಆದರೆ ಏಪ್ರಿಲ್ ತಿಂಗಳ ಕರೆಂಟು ಬಿಲ್ಲು ಬಂದ ದಿನ ಅವಳು ಕೇಳುವ ಹಾಗೆ ಹೆಂಡತಿಗೆ ಮೊತ್ತ ಓದಿ ಹೇಳಿದ್ದೆ. ಮರುದಿನದಿಂದ ಅವ್ವ ಎಸಿ ಹಾಕಲಿಲ್ಲ. ಇದನ್ನು ಬರೆಯುವಾಗ ಕೈ ಹಿಡಿಯುತ್ತದೆ. ಬೇಕೆಂದೇ ಓದಿದೆನೆ? ಹೌದು, ಅವಳು ಕೇಳಲಿ ಎಂದೇ ಓದಿದೆ.

ಮೇ ತಿಂಗಳ ಒಂದು ರವಿವಾರ ಮಧ್ಯಾಹ್ನ ಫ್ಯಾನಿನ ರಿಪೇರಿಗೆಂದು ಒಳಗೆ ಹೋದೆ. ಹತ್ತು ನಿಮಿಷ ನಿಲ್ಲಲಾಗಲಿಲ್ಲ. ವಿನೈಲಿನ ಅಡಿಯಿಂದ ಹಳೆಯ ಹಲಗೆಯ ಔಷಧಿಯ ವಾಸನೆ ಏಳುತ್ತಿತ್ತು, ಗೋಡೆಗೆ ಬೆನ್ನು ತಾಗಿದರೆ ಸುಡುತ್ತಿತ್ತು. ಅವ್ವ ಒಳಗೆ ಇರಲಿಲ್ಲ. ಹಗಲೆಲ್ಲ ಬೇವಿನ ಬುಡದಲ್ಲಿ, ಕಡಿದ ಕೊಂಬೆಯಿಂದಾಗಿ ನೆರಳು ಕಡಿಮೆಯಾದ ಕಡೆ, ಚಾಪೆ ಸರಿಸುತ್ತ ಸರಿಸುತ್ತ ಕೂತಿರುತ್ತಾಳೆಂದು ಪಕ್ಕದ ಮನೆಯ ಹೆಂಗಸು ಹೇಳಿದರು. ಬಾ, ಅಂದರೆ ಅವ್ವ, ನಮ್ಮ ಮನೆಗೆ ಬಂದು ಕೂರಲಿ ಎಂದರು. ನಾನು ಹ್ಞೂ ಎಂದು ಒಳಗೆ ಬಂದೆ. ಸೂರತ್ತಿನಿಂದ ಹಜೀರಾಕ್ಕೆ ಹೋಗುವ ದಾರಿಯಲ್ಲಿ ಕೂಲಿಕಾರರು ಇಂಥ ತಗಡಿನ ಕೋಣೆಗಳಲ್ಲೇ ಬೇಸಿಗೆ ಕಳೆಯುವುದನ್ನು ಯಾರ್ಡುಗಳನ್ನು ತಿರುಗಿದ ಆ ಭಾನುವಾರಗಳಲ್ಲಿ ಕಾರಿನೊಳಗಿಂದ ನೋಡಿದ್ದೆ. ಆಗಲೂ ಏನೂ ಅನ್ನಿಸಿರಲಿಲ್ಲ.

ಸಂಜೆ ಏಳರ ಹೊತ್ತು ಮಾತ್ರ ಈಗ ಶಾಂತವಾಗಿತ್ತು. ಅವ್ವ ಉಂಡು ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಜೂನ್ ಕೊನೆಯ ವಾರ ಒಂದು ರಾತ್ರಿ ಹೊಯ್ಯೆಂದು ಮಳೆ ಹಿಡಿಯಿತು. ಬೆಳಗ್ಗೆ ಆರೂಕಾಲಿಗೆ ಹಾಲು ತೆಗೆದುಕೊಳ್ಳಲು ಎದ್ದೆ. ಅವ್ವ ಅಷ್ಟೊತ್ತಿಗೆ ಮನೆಯೊಳಗೆ ಬಂದು ಸ್ನಾನ ಮುಗಿಸಿರುತ್ತಾಳೆ; ಕಂಟೇನರಿನಲ್ಲಿ ಬಚ್ಚಲಿಲ್ಲ, ರಾತ್ರಿ ಬೇಕಾದರೂ ಅವಳು ಹಿತ್ತಲು ದಾಟಿ ಬರಬೇಕು. ಅವತ್ತು ಬಂದಿರಲಿಲ್ಲ. ಹೋಗಿ ಬಾಗಿಲು ತಳ್ಳಿದೆ, ಅಲ್ಲಾಡಲಿಲ್ಲ. "ಅವ್ವಾ" ಎಂದೆ. "ಬಾಗಲಾ ಹಿಡದೈತಿ ತಮ್ಮಾ" ಎಂದಳು, ಬಾಗಿಲಿನ ಆ ಬದಿಗೇ ನಿಂತವಳ ಹಾಗೆ.

ಎರೆ ಒಂದು ಮೂಲೆಯಲ್ಲಿ ಉಬ್ಬಿತ್ತು, ಎದುರಿನ ಮೂಲೆ ಕುಸಿದಿತ್ತು. ಪೆಟ್ಟಿಗೆ ಓರೆಯಾಗಿ, ತೆಳು ಆ್ಯಂಗಲಿನ ಚೌಕಟ್ಟು ತಿರುಚಿಕೊಂಡು ಬಾಗಿಲನ್ನು ಕಚ್ಚಿ ಹಿಡಿದಿತ್ತು. ಪಕ್ಕದ ಮನೆಯವರನ್ನು ಕರೆದು, ಇಬ್ಬರೂ ಹಾರೆ ಹಾಕಿ ಮೀಟಿ ತೆರೆಯುವಷ್ಟರಲ್ಲಿ ಇಪ್ಪತ್ತು ನಿಮಿಷವಾಯಿತು. ಅವ್ವ ನಾಲ್ಕೂವರೆಗೆ ಎದ್ದಿದ್ದಳು. ಕರೆಂಟು ಹೋಗಿತ್ತು. ಎರಡು ಗಂಟೆ ಕತ್ತಲಲ್ಲಿ ಮಂಚದ ತುದಿಗೆ ಕೂತಿದ್ದಳು. ಸೀರೆ ಒದ್ದೆಯಾಗಿತ್ತು. ಬಚ್ಚಲಿಗೆ ಹೋಗಲು ಎದ್ದವಳು ಹೋಗಲಾಗದೆ ಅಲ್ಲೇ ಆಗಿಹೋಗಿತ್ತು. ದಿಂಬಿನ ಪಕ್ಕ ಮೊಬೈಲ್ ಇತ್ತು. ಒಂದನೆಯ ಗುಂಡಿ ಒತ್ತಿದರೆ ನನಗೆ ಬರುತ್ತದೆ, ನಾನೇ ಕಲಿಸಿದ್ದೆ.

"ಫೋನ್ ಯಾಕ ಮಾಡಲಿಲ್ಲಬೇ?"

"ನೀವು ಮಲಗಿದ್ರಿ. ಎಬ್ಬಸೂದು ಯಾಕ ಅಂತ ಸುಮ್ಮನ ಕುಂತೆ."

ಆ ಹೊತ್ತು ನಾನು ಅವಳ ಮುಖ ನೋಡಲಿಲ್ಲ. ನನ್ನ ಮನೆಯಲ್ಲಿ, ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನನ್ನ ಅವ್ವ ಸಹಾಯ ಕೇಳುವುದಕ್ಕಿಂತ ಒದ್ದೆ ಸೀರೆಯಲ್ಲಿ ಕತ್ತಲಲ್ಲಿ ಕೂರುವುದು ಮೇಲೆಂದು ತಿಳಿದಳು. ಅಂಥ ತಿಳಿವಳಿಕೆ ಒಂದು ರಾತ್ರಿಯಲ್ಲಿ ಬರುವುದಲ್ಲ. ನಾನು ಫೋನು ಹಿಡಿದು ಎದ್ದುಹೋದ ಸಂಜೆಗಳು, ಓದಿ ಹೇಳಿದ ಬಿಲ್ಲು, ಎಲ್ಲ ಸೇರಿ ಅವಳಿಗೆ ಅದನ್ನು ಕಲಿಸಿದ್ದವು. ಎರೆಮಣ್ಣು ಬಾಗಿಲು ಹಿಡಿದದ್ದು ಎರಡು ಗಂಟೆ. ಉಳಿದದ್ದು ನನ್ನ ಕೆಲಸ.

ಅವತ್ತು ರಜೆ ಹಾಕಿದೆ. ಮಂಚ ಒಳಗೆ ಬಂತು. ಮಗಳು, ಯಾರೂ ಹೇಳುವ ಮೊದಲೇ, ಅಜ್ಜಿ ನನ್ನ ಕೋಣೆಯಲ್ಲೇ ಇರಲಿ ಅಂದಳು. ಸಂಜೆ ಓಟಲೋದ ತೂಗುಮಣೆಯ ಮೇಲೆ ಕೂತಾಗ ನಾನೇ ಕೇಳಿದೆ: "ಅವತ್ತ ರಾತ್ರಿ ಅಪ್ಪಗ ಏನಾಗಿತ್ತವ್ವಾ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ಅಪ್ಪ ಕೊನೆಯ ರಾತ್ರಿ ಎರಡು ಸಲ ಎಚ್ಚರಾಗಿದ್ದರಂತೆ. ಒಮ್ಮೆ ನೀರು ಕೇಳಿದರು. ಇನ್ನೊಮ್ಮೆ, ಹಿಂಗಾರಿ ಮಳೆ ಆಯಿತೇ, ಕಡಲೆ ಬಿತ್ತಿದರೇ ಎಂದು ಕೇಳಿದರು. ಆಗೇತಿ ಅಂದೆ, ಹಂಗಾರ ಚಲೋ ಆತು ಅಂದ್ರು, ಎಂದಳು. ಇಷ್ಟೇ. ಇಪ್ಪತ್ತು ತಿಂಗಳಿಂದ ಅವಳು ನನಗೆ ಹೇಳಬೇಕೆಂದಿದ್ದದ್ದು ಇದು. ದೂರು ಇರಲಿಲ್ಲ. ಗಂಡನ ಕೊನೆಯ ಮಾತನ್ನು ಮಗನಿಗೆ ಮುಟ್ಟಿಸಬೇಕಾಗಿತ್ತು, ಅದನ್ನು ಹೊತ್ತುಕೊಂಡು ಅವಳು ನನ್ನ ಮನೆಯೊಳಗೆ ಓಡಾಡುತ್ತಿದ್ದಳು.

ಆ ವರ್ಷದ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ವಡೋದರಾದ ಅರ್ಧಕ್ಕೆ ನೀರು ನುಗ್ಗಿತು, ಮನೆಗಳ ಅಂಗಳಕ್ಕೆ ಮೊಸಳೆ ಬಂದವು. ನಮ್ಮ ಹಿತ್ತಲಲ್ಲಿ ಮೂರು ದಿನ ಮಳೆನೀರು ನಿಂತು ಕಂಟೇನರ್ ಇನ್ನಷ್ಟು ಓರೆಯಾಯಿತು. ಒಳಗೆ ಯಾರೂ ಇರಲಿಲ್ಲ. ದೀಪಾವಳಿಯ ನಂತರ ಅದನ್ನು ಎತ್ತಿಸಿ, ಆಳಕ್ಕೆ ಕಂಬದ ಅಡಿಪಾಯ ಹಾಕಿಸಿದೆ. ಹಳೆಯ ನೆಲದ ಹಲಗೆ ತೆಗೆಸಿದೆ. ಪಫ್ ಪ್ಯಾನಲ್, ಬಾಗಿಲಿಗೆ ದಪ್ಪ ಚೌಕಟ್ಟು, ಹೊರಗೆ ಬಿಳಿ ಬಣ್ಣ, ಮೇಲೆ ಒಂದಡಿ ಗಾಳಿ ಬಿಟ್ಟು ಇನ್ನೊಂದು ಸೂರು. ಖರ್ಚು ಪೆಟ್ಟಿಗೆಯ ಬೆಲೆಯ ಎರಡರಷ್ಟಾಯಿತು. ಸರಕಿನ ಆ ಎರಡು ದೊಡ್ಡ ಬಾಗಿಲುಗಳನ್ನು ತೆರೆದ ಹಾಗೇ ಗೋಡೆಗೆ ಬೆಸೆಸಿ, ಅಲ್ಲಿ ಕಿಟಕಿ ಇಡಿಸಿದೆ. ಈಗ ನನ್ನ ಮೇಜು ಅಲ್ಲಿದೆ. ಅವ್ವ ಒಮ್ಮೊಮ್ಮೆ ಶೇಂಗಾ ಸುಲಿಯಲು ಬಂದು ಕೂರುತ್ತಾಳೆ, ಅವಳಿಗೆ ಮನಸ್ಸು ಬಂದಾಗ. ಕಡಿದ ಕೊಂಬೆಯ ಬುಡದಲ್ಲಿ ಬೇವು ಚಿಗುರಿದೆ, ನೆರಳಾಗಲು ಇನ್ನೂ ವರ್ಷಗಳು ಬೇಕು.

ಕಳೆದ ತಿಂಗಳು ಸೂರತ್ತಿನಲ್ಲಿರುವ ನಮ್ಮ ಕಡೆಯ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಮಾವನವರು ಬಂದಿರುತ್ತಾರೆ, ಹಿತ್ತಲಲ್ಲಿ ಹಳೆಯ ಕಂಟೇನರ್ ಇಟ್ಟು ಕೋಣೆ ಮಾಡಿಸಬೇಕು, ನಿಮಗೆ ಅನುಭವ ಇದೆಯಲ್ಲ, ಹೇಳಿ ಎಂದರು. ಕಸ್ಟಮ್ಸ್ ಕಾಗದ, ಮಣ್ಣು, ಪಫ್, ಬಿಳಿ ಬಣ್ಣ ಎಲ್ಲ ಹೇಳಿದೆ. ಕೊನೆಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮೊದಲು ಯಾರಿಗಾಗಿ ಮಾಡಿಸುತ್ತೀರೋ ಅವರನ್ನು ಕೇಳಿ. ಅವರು ಒಪ್ಪಿ, ಕೋಣೆ ಸಿದ್ಧವಾದ ಮೇಲೆ, ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ತೆಗೆದು ಒಳಗೆ ಕೂತು ಬಾಗಿಲು ಹಾಕಿಕೊಳ್ಳಿ. ಮಳೆಗಾಲದಲ್ಲಿ ಇನ್ನೊಮ್ಮೆ ಹಾಕಿಕೊಳ್ಳಿ. ಒಳಗಿನಿಂದ ಬಾಗಿಲನ್ನು ನಿಮ್ಮ ಕೈಯಿಂದ ತೆರೆದು ನೋಡಿ. ಆಮೇಲೆ ಅವರ ಕೈಯಿಂದ ತೆರೆಸಿ ನೋಡಿ.